ಕತ್ತಲಾದ ಪರದೆಗೆ ಪಂಪ್‌ಸೆಟ್ಟಿನ ಪಾಠ

ಕೃಷ್ಣೆಯ ದಂಡೆಯ ಗಲಗಲಿಯಂಥ ಊರಿನಲ್ಲಿ ಪಂಪ್‌ಸೆಟ್ಟು ನಿಂತರೆ ರೈತ ಮೊದಲಿಗೇ ಮೋಟಾರು ಬಿಚ್ಚಲು ಕೂಡುವುದಿಲ್ಲ. ಕಂಬದಿಂದ ಕರೆಂಟು ಬಂದಿದೆಯೇ, ಮೂರೂ ಫೇಸು ಇವೆಯೇ, ಫ್ಯೂಸು ಸರಿಯಾಗಿದೆಯೇ, ಸ್ಟಾರ್ಟರು ಹಿಡಿಯುತ್ತಿದೆಯೇ ಎಂದು ಒಂದೊಂದನ್ನೇ ನೋಡುತ್ತ ಬರುತ್ತಾನೆ. ಇವೆಲ್ಲ ಸರಿ ಇದ್ದರೆ ಮಾತ್ರ ಮೋಟಾರಿನ ಮೇಲೆ ಅವನ ಅನುಮಾನ. ಪುಸ್ತಕ ಓದದೆ ಕಲಿತ ಈ ಕ್ರಮ ಅಪ್ಪಟ ವಿಜ್ಞಾನ.

ಈ ಕ್ರಮ ಕಂಪ್ಯೂಟರಿಗೂ ಸಲ್ಲುತ್ತದೆ ಎಂಬುದು ಅಲ್ಲಿಯ ಒಬ್ಬ ಕಬ್ಬು ಬೆಳೆಗಾರರ ಮನೆಯಲ್ಲಿ ಕಂಡುಬಂತು. ಮಗಳು ಡಿಪ್ಲೊಮಾ ವಿದ್ಯಾರ್ಥಿನಿ. ಮನೆಯಲ್ಲಿದ್ದುದು ಕೈ ಬದಲಾದ ಹಳೆಯ ಕಂಪ್ಯೂಟರು. ಒಂದು ಸಂಜೆ ಮಾನಿಟರಿನಲ್ಲಿ ಚಿತ್ರ ಎರಡು ಸೆಕೆಂಡು ಮಿಂಚಿ ಕತ್ತಲಾಯಿತು. ಒಪ್ಪಿಸಬೇಕಾಗಿದ್ದ ಪ್ರಾಜೆಕ್ಟೆಲ್ಲ ಅದರಲ್ಲಿತ್ತು. ಕಬ್ಬಿನ ಬಿಲ್ಲು ಕೈಗೆ ಬರಲು ಇನ್ನೂ ದಿನಗಳಿದ್ದವು. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ.

“ಅಪ್ಪಾ, ಕಂಪ್ಯೂಟರ್ ಕೆಟ್ಟೈತಿ” ಎಂದಳು ಹುಡುಗಿ, ಅಳು ನುಂಗಿಕೊಂಡು.

“ಪೂರಾ ಕೆಟ್ಟೈತೋ, ಒಂದು ಕಡೆ ಕೆಟ್ಟೈತೋ, ಮೊದಲು ಅದನ್ನ ನೋಡವ್ವ. ನೀರು ಬರಲಿಲ್ಲಂದ್ರ ಹೊಳಿನ ಬತ್ತೇತಿ ಅಂತಾರೇನು?” ಎಂದರು ತಂದೆ.

ಕಂಪ್ಯೂಟರಿನ ಗಂಧಗಾಳಿ ಅವರಿಗಿರಲಿಲ್ಲ. ಆದರೆ ಎಲ್ಲಿಂದ ಎಲ್ಲಿಗೆ ನೋಡುತ್ತ ಬರಬೇಕೆಂಬುದು ಗೊತ್ತಿತ್ತು. ಮಾನಿಟರಿನ ಚಿಕ್ಕ ದೀಪ ಉರಿಯುತ್ತಿತ್ತು, ಅಂದರೆ ಕರೆಂಟು ಒಳಗೆ ಹೋಗುತ್ತಿದೆ. ಕಂಪ್ಯೂಟರಿಗೆ ಹೋಗುವ ಕೇಬಲ್ ಕಿತ್ತು ಮಾನಿಟರನ್ನು ಮತ್ತೆ ಚಾಲೂ ಮಾಡಿದಾಗ ‘ಸಿಗ್ನಲ್ ಇಲ್ಲ’ ಎಂಬ ಬರಹ ಮೂಡಬೇಕಿತ್ತು. ಅದೂ ಎರಡು ಸೆಕೆಂಡು ಮಿಂಚಿ ಮಾಯವಾಯಿತು. ಕಂಪ್ಯೂಟರಿನ ಸಂಬಂಧವೇ ಇಲ್ಲದೆ ಪರದೆ ಕತ್ತಲಾಗುತ್ತಿದೆ ಎಂದ ಮೇಲೆ ದೋಷ ಮಾನಿಟರಿನೊಳಗೇ ಇದೆ, ಪ್ರಾಜೆಕ್ಟು ಸುರಕ್ಷಿತವಾಗಿದೆ! ಹುಡುಗಿಗೆ ಅರ್ಧ ಜೀವ ಬಂತು.

ಆಮೇಲೆ ಅವಳೇ ಕೋಣೆಯ ದೀಪ ಆರಿಸಿ, ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿದಳು. ಮಸುಕಾಗಿ ಅಕ್ಷರಗಳು ಕಂಡವು. ಚಿತ್ರ ಇದೆ, ಬೆಳಕು ಇಲ್ಲ!

ಇದು ಹೇಗೆ ಸಾಧ್ಯ? ಚಪ್ಪಟೆ ಮಾನಿಟರಿನಲ್ಲಿರುವ ದ್ರವಸ್ಫಟಿಕ ತಾನೇ ಬೆಳಗುವುದಿಲ್ಲ. ವಿದ್ಯುತ್ತಿಗೆ ತಕ್ಕಂತೆ ಅದರ ಅಣುಗಳು ಹೊರಳುತ್ತವೆ. ಹಿಂದಿನಿಂದ ಬರುವ ಬೆಳಕು ಎಲ್ಲಿ ದಾಟಬೇಕು, ಎಲ್ಲಿ ನಿಲ್ಲಬೇಕು ಎಂಬುದು ಇದರಿಂದ ನಿರ್ಧಾರವಾಗುತ್ತದೆ. ಈ ವಿಜ್ಞಾನದಲ್ಲಿ ನಮ್ಮ ನಾಡಿನ ಪಾಲೂ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಡನೆ, ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ತೆಳುಹಾಳೆಗಳಲ್ಲಿ ಮುಂದೆ ಇಂಥ ಅಣುಗಳು ಬಳಕೆಗೆ ಬಂದವು.

ದೋಷದ ಜಾಗ ಸಿಕ್ಕ ಉತ್ಸಾಹದಲ್ಲಿ ಮಗಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ತಂದೆ ಕೈ ಹಿಡಿದರು. ಅವರು ತಡೆದದ್ದು ಸರಿ. ಮನೆಯ 230 ವೋಲ್ಟ್ ವಿದ್ಯುತ್ತು ಒಳಗೆ ಏಕಮುಖವಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ತುಂಬಿಕೊಂಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು. ಹಿಂದಿನ ದಪ್ಪ ಬೆನ್ನಿನ ಬಣ್ಣದ ಮಾನಿಟರುಗಳ ಚಿತ್ರನಳಿಕೆಯಲ್ಲಂತೂ 20ರಿಂದ 25 ಸಾವಿರ ವೋಲ್ಟ್! ಹೊರಗಿನಿಂದ ಮಾಡುವ ಪರೀಕ್ಷೆ ಎಲ್ಲರದು, ಒಳಗಿನ ಕೆಲಸ ಬಲ್ಲವರದು.

ಮುಧೋಳದ ಒಂದು ರಿಪೇರಿ ಅಂಗಡಿಯಲ್ಲಿ ಮಾನಿಟರ್ ಬಿಚ್ಚಿದಾಗ, ವಿದ್ಯುತ್ ಪೂರೈಸುವ ಹಲಗೆಯ ಮೇಲೆ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ಬಿಸಿಗೆ ಒಳಗಿನ ದ್ರಾವಣ ಕೆಟ್ಟು ಅನಿಲವಾದಾಗ ಹೀಗಾಗುತ್ತದೆ. ಹಿಂಬದಿಯ ದೀಪಗಳು ಹೊತ್ತಿಕೊಳ್ಳುವಾಗ ಹೆಚ್ಚು ವಿದ್ಯುತ್ತು ಬೇಡುತ್ತವೆ. ಸೋತ ಕೆಪಾಸಿಟರಿಗೆ ಅದು ತಡೆಯದು. ಕೂಡಲೇ ರಕ್ಷಣಾ ಮಂಡಲ ದೀಪ ಆರಿಸುತ್ತದೆ. ಎರಡು ಸೆಕೆಂಡಿನ ಗುಟ್ಟು ಇದು. “ಫ್ಯಾನಿನ ಕಂಡೆನ್ಸರ್ ಹ್ವಾದಂಗ ಆತು ಬಿಡ್ರಿ” ಎಂದರಂತೆ ಹುಡುಗಿಯ ತಾಯಿ. ಜಾತಿ ಬೇರೆಯಾದರೂ ಕುಲ ಒಂದೇ!

ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟ್, 105 ಡಿಗ್ರಿ ಶಾಖ ತಡೆಯುವ ಹೊಸ ಕೆಪಾಸಿಟರುಗಳನ್ನು ಧನ-ಋಣ ತಪ್ಪದಂತೆ ಬೆಸುಗೆ ಹಾಕಿದಾಗ ಪರದೆ ಬೆಳಗಿತು. ಬಿಡಿಭಾಗಗಳಿಗೆ ತಗುಲಿದ್ದು ಕೆಲವೇ ಹತ್ತು ರೂಪಾಯಿ.

ಎಲ್ಲ ಮಾನಿಟರುಗಳೂ ಹೀಗೆ ಬದುಕುವುದಿಲ್ಲ. ಗಾಜು ಬಿರಿದಿದ್ದರೆ ರಿಪೇರಿಗಿಂತ ಹೊಸದೇ ಮೇಲು. ಆಗ ಹಳೆಯದನ್ನು ತಿಪ್ಪೆಗೆ ಎಸೆಯಬಾರದು. ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿದೆ, ಹಳೆಯ ಚಪ್ಪಟೆ ಮಾನಿಟರುಗಳ ದೀಪಗಳಲ್ಲಿ ಪಾದರಸವಿದೆ. ಇಂಥ ಕಸಕ್ಕೆಂದೇ ನಮ್ಮ ದೇಶದಲ್ಲಿ 2012ರಿಂದ ನಿಯಮಗಳು ಜಾರಿಯಲ್ಲಿವೆ. ಅಧಿಕೃತ ಸಂಗ್ರಹಕಾರರಿಗೇ ಅದನ್ನು ಒಪ್ಪಿಸಬೇಕು.

ವಿದ್ಯಾರ್ಥಿಗಳು ಒಂದು ರೂಢಿ ಮಾಡಿಕೊಳ್ಳಬಹುದು. ಯಾವುದಾದರೂ ಕೆಟ್ಟಾಗ ಕಂಡದ್ದೇನು, ಪರೀಕ್ಷಿಸಿದ್ದೇನು, ಆದದ್ದೇನು ಎಂದು ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಪಾಲಕರು “ಮುಟ್ಟಬೇಡ” ಎಂದಷ್ಟೇ ಗದರದೆ ಎಲ್ಲಿಯವರೆಗೆ ಮುಟ್ಟಬಹುದು ಎಂಬುದನ್ನು ತೋರಿಸಿಕೊಡಬೇಕು. “ಕೆಟ್ಟಿದೆ” ಎಂದು ಹೇಳುವ ಗಿರಾಕಿಗಿಂತ “ಚಿತ್ರ ಇದೆ, ಬೆಳಕಿಲ್ಲ” ಎಂದು ಹೇಳುವ ಗಿರಾಕಿಯ ಕೆಲಸ ರಿಪೇರಿಯವನ ಕೈಯಲ್ಲೂ ಬೇಗ ಆಗುತ್ತದೆ.