ಮಗಳ ಓದಿನ ಲೆಕ್ಕ

ಕೂಳೆ ಕಬ್ಬಿಗೆ ಗೊಬ್ಬರ ಕೊಟ್ಟು ಮಣ್ಣು ಏರಿಸಿದ್ದಾಯ್ತು. ನಾಲೇಲಿ ನೀರು ಬರೋಕೆ ಇನ್ನೂ ನಾಲ್ಕು ದಿನ ಇದೆ. ಅದಕ್ಕೆ ಈ ಸಲ ಬೆಳೆ ವಿಷಯ ಬಿಟ್ಟು ಬೇರೆ ಬರೀತೀನಿ. ಡೈರಿ ಹತ್ರ, ಗೊಬ್ಬರದ ಅಂಗಡಿ ಹತ್ರ ಸಿಕ್ಕೋರೆಲ್ಲ ಕೇಳೋದು ಒಂದೇ: "ಮಗಳು ಜರ್ಮನೀಲಿ ಏನ್ ಓದ್ತಾವ್ಳೆ? ಎಷ್ಟು ಖರ್ಚು ಬಂತು?" ನಿಂತ ನಿಲುವಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು.

ಅವಳು ಮೆಕ್ಯಾನಿಕಲ್ ಬಿಇ ಮುಗಿಸಿ ಪೀಣ್ಯದಲ್ಲಿ ಎರಡು ವರ್ಷ ಕೆಲಸ ಮಾಡಿದಳು. ಈಗ ಓದ್ತಿರೋದು ಎಂಜಿನಿಯರಿಂಗು, ವ್ಯವಹಾರ ಎರಡೂ ಸೇರಿದ ಮಾಸ್ಟರ್ಸ್. ಇದನ್ನ ಓದಿದವರಿಗೆ ಜರ್ಮನ್ನರು 'ವಿರ್ಟ್‌ಶಾಫ್ಟ್ಸ್‌ಇಂಜೆನಿಯರ್' ಅಂತಾರೆ. 1920ರ ದಶಕದಲ್ಲೇ ಬರ್ಲಿನ್ನಿನಲ್ಲಿ ಶುರುವಾದ ಓದು. ಯಂತ್ರ ಬಲ್ಲವನಿಗೆ ದುಡ್ಡಿನ ಲೆಕ್ಕ ಬರಲ್ಲ, ಲೆಕ್ಕ ಬಲ್ಲವನಿಗೆ ಯಂತ್ರ ತಿಳಿಯಲ್ಲ. ಎರಡೂ ಬಲ್ಲ ಒಬ್ಬರು ಕಾರ್ಖಾನೇಲಿ ಇರಲಿ ಅನ್ನೋದು ಉದ್ದೇಶ. ಅವಳದು ನಾಲ್ಕು ಸೆಮಿಸ್ಟರು, 120 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ದುಡಿಮೆ. ಅಲ್ಲಿ 1 ಬಂದರೆ ಉತ್ತಮ, 4 ದಾಟಿದರೆ ಫೇಲು.

ಈ ಓದಿನ ಒಳಗೇನಿದೆ ಅಂತ ನನಗೆ ಅರ್ಥ ಆಗಿದ್ದು ಪವರ್ ವೀಡರಿನಿಂದ. ಅವಳು ಹೊರಡೋಕೆ ಮುಂಚೆ ನಾನು ಒಂದು ತಗೋಬೇಕು ಅಂತ ಓಡಾಡ್ತಿದ್ದೆ. "ಒಂದ್ನಿಮಿಷ ಕೂತ್ಕೊಳಪ್ಪ" ಅಂದು ಹಾಳೆ ತೆಗೆದಳು. ಯಂತ್ರಕ್ಕೆ 72,000. ಆರು ವರ್ಷ ಬಾಳಿಕೆ ಅಂದ್ರೆ ವರ್ಷಕ್ಕೆ 12,000. ರಿಪೇರಿ 4,000. ಅಲ್ಲಿಗೆ ವರ್ಷಕ್ಕೆ 16,000. ಬಾಡಿಗೆಗೆ ಕರೆಸಿದರೆ ಎಕರೆಗೆ 1,250. ಸ್ವಂತದ್ದಾದರೆ ಪೆಟ್ರೋಲು, ಆಯಿಲು ಸೇರಿ 450. ಎಕರೆಗೆ ಉಳಿಯೋದು 800. ಅಂದ್ರೆ ವರ್ಷಕ್ಕೆ 20 ಎಕರೆ ಓಡಿಸಿದರೆ ಮಾತ್ರ ಬಾಡಿಗೆಗೂ ಸ್ವಂತಕ್ಕೂ ಸಮ. ನಂದು ಎರಡು ಎಕರೆ, ಮೂರು ಸಲ ಕಳೆ ತೆಗೆದರೂ ಆರೇ. "ನಾಲ್ಕು ಮನೆ ಸೇರಿ ತಗೊಳಿ, 24 ಆಗುತ್ತೆ" ಅಂದ್ಲು. ಹಾಗೇ ತಗೊಂಡ್ವಿ, ನೀವೂ ನೋಡಿದ್ದೀರಿ.

ಅಲ್ಲಿ ಕಲಿಸೋದು ಇಂಥದ್ದನ್ನೇ, ದೊಡ್ಡ ಪ್ರಮಾಣದಲ್ಲಿ. ಎಷ್ಟು ಸಾಮಾನು ದಾಸ್ತಾನು ಇಡಬೇಕು, ಯಾವ ಕೆಲಸ ಯಾವ ಯಂತ್ರಕ್ಕೆ ಮೊದಲು ಕೊಡಬೇಕು, ಸಾಲಲ್ಲಿ ನಿಂತ ಲಾರಿ ಎಷ್ಟು ಹೊತ್ತು ಕಾಯುತ್ತೆ. ಸಾಲಿನ ಲೆಕ್ಕಕ್ಕೇ ಒಂದು ಪಾಠ ಇದೆಯಂತೆ. ಫೋನಲ್ಲಿ ಅದನ್ನ ಕೇಳಿದಾಗ ಕಾರ್ಖಾನೆ ಗೇಟಲ್ಲಿ ಟ್ರ್ಯಾಕ್ಟರ್ ಕೆಳಗೆ ಮಲಗಿದ ರಾತ್ರಿಗಳು ನೆನಪಾದ್ವು. ಕಡಿದ ಕಬ್ಬು ಕಾದಷ್ಟೂ ತೂಕ ಇಳಿಯುತ್ತೆ. ಆ ನಷ್ಟ ನಮ್ಮ ತಲೆ ಮೇಲೆ, ಅದನ್ನ ಲೆಕ್ಕ ಇಟ್ಟೋರು ಯಾರೂ ಇಲ್ಲ.

ಇನ್ನು ಖರ್ಚು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಪಾಠದ ಫೀಸಿಲ್ಲ, ಸೆಮಿಸ್ಟರಿಗೆ ಒಂದು ಸಣ್ಣ ವಂತಿಗೆ ಅಷ್ಟೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನ ಮಕ್ಕಳಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯನೂ 2024ರಿಂದ ಫೀಸು ಹಾಕಿದೆ. ಖಾಸಗಿ ಕಾಲೇಜುಗಳ ಫೀಸು ಲಕ್ಷಗಳಲ್ಲಿ. ಒಬ್ಬ ಏಜೆಂಟು ನಮ್ಮನ್ನ ಅಲ್ಲಿಗೇ ಎಳೆಯೋಕೆ ನೋಡಿದ, ಮಗಳು ಬಗ್ಗಲಿಲ್ಲ. ಎಪಿಎಸ್ ಅನ್ನೋ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ 18,000 ರೂಪಾಯಿ ಕಟ್ಟಿದ್ವಿ. ವೀಸಾಕ್ಕೆ ಒಂದು ವರ್ಷದ ಜೀವನಕ್ಕಾಗುವಷ್ಟು, 11,904 ಯೂರೋ, ಬೇರೆ ಖಾತೇಲಿ ಇಟ್ಟು ತೋರಿಸಬೇಕು. ತಿಂಗಳಿಗೆ 992 ಮಾತ್ರ ತೆಗೆಯಬಹುದು. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹನ್ನೆರಡು ಲಕ್ಷ. ಅದು ಒಂದು ವರ್ಷಕ್ಕೆ.

ಸಾಲಕ್ಕೆ ಪಹಣಿ ಹಿಡ್ಕೊಂಡು ಬ್ಯಾಂಕಿಗೆ ಹೋದೆ. ಏಳೂವರೆ ಲಕ್ಷದ ಮೇಲಾದರೆ ಆಸ್ತಿ ಆಧಾರ ಬೇಕು, ಜಮೀನು ನಡೆಯಲ್ಲ ಅಂದ್ರು. ಕಾರಣನೂ ಹೇಳಿದ್ರು. ಸಾಲ ಕಟ್ಟದಿದ್ರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳೋ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ಎರಡು ಎಕರೆ ನೀರಾವರಿ ಇಟ್ಕೊಂಡು ಬರಿಗೈಲಿ ಬಂದೆ ಅಂತ ಸಿಟ್ಟು ಬಂತು. ಇಪ್ಪತ್ತು ಗುಂಟೆ ಕೊಡಿ ಅಂತ ಬ್ರೋಕರ್ ಒಬ್ಬ ಮನೆಗೇ ಬಂದ. ನಮ್ಮ ಮನೆಯವಳು ಒಂದೇ ಮಾತು ಹೇಳಿದ್ಲು: "ಜಮೀನು ಮಾರಿ ಓದಿಸಿದ್ರೆ ಅವಳು ಗೆದ್ರೂ ನಾವು ಕೂಲಿಗೆ ಹೋಗಬೇಕು, ಸೋತ್ರೂ ಕೂಲಿಗೆ ಹೋಗಬೇಕು." ಕೊನೆಗೆ ನಮ್ಮ ಭಾಮೈದ ಟೌನಿನ ಸೈಟಿನ ಪತ್ರ ಕೊಟ್ಟ. ಹದಿನೆಂಟು ವರ್ಷ ಲಾರಿ ಓಡಿಸಿ ಕೊಂಡ ಸೈಟು ಅದು. ಹದಿನಾಲ್ಕು ಲಕ್ಷ ಸಾಲ ಆಯ್ತು.

ಸಹಿ ಹಾಕೋ ಹಿಂದಿನ ರಾತ್ರಿ ಮಗಳು ಅದೇ ವೀಡರ್ ಲೆಕ್ಕ ತನ್ನ ಓದಿಗೇ ಹಾಕಿದಳು, ಮಾವನ ಎದುರಿಗೆ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಹುಡುಕೋಕೆ 18 ತಿಂಗಳು ಇರಬಹುದು. ಸಿಕ್ಕಿದರೆ ನಾಲ್ಕೈದು ವರ್ಷದಲ್ಲಿ ಸಾಲ ತೀರುತ್ತೆ. ಸಿಗದೆ ವಾಪಸ್ ಬಂದರೆ ಕಂತು ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತೆ, ಬೆಂಗಳೂರಿನ ಸಂಬಳದ ಅರ್ಧ ಹತ್ತು ವರ್ಷ ಅದಕ್ಕೇ. ಎರಡನ್ನೂ ಬರೆದು ಮಾವನ ಕೈಗೆ ಕೊಟ್ಟಳು. ಅವನು ಎರಡನೇ ಲೆಕ್ಕವನ್ನ ಎರಡು ಸಲ ಓದಿ, "ಆಗ್ಲಿ ಕಣವ್ವ" ಅಂದ.

ಈಗ ಎರಡನೇ ಸೆಮಿಸ್ಟರು. ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲಸ ಮಾಡೋಕೆ ಅನುಮತಿ ಇದೆ. ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸ್ತಾಳೆ. 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಪಾಠ ಇಂಗ್ಲಿಷಲ್ಲಿ ನಡೆದರೂ ಜರ್ಮನ್ ಬರದೆ ಒಳ್ಳೆ ಕೆಲಸ ಕಷ್ಟ, ಅದಕ್ಕೆ ರಾತ್ರಿ ಆ ಭಾಷೆ ಕಲೀತಾಳೆ. ಫೋನ್ ಮಾಡಿದಾಗ ದನಿಯಲ್ಲೇ ಸುಸ್ತು ಗೊತ್ತಾಗುತ್ತೆ. ಅವರಮ್ಮ "ಊಟ ಆಯ್ತಾ" ಅಂತ ಮೂರು ಸಲ ಕೇಳ್ತಾಳೆ. ಭಾಮೈದ ಸೈಟಿನ ಮಾತೇ ಎತ್ತಲ್ಲ, ಅದು ನನಗೆ ಇನ್ನೂ ಭಾರ.

ನಿಮ್ಮ ಮಕ್ಕಳೂ ಈ ದಾರಿ ನೋಡ್ತಿದ್ರೆ ಮೊದಲು ಎರಡೂ ಲೆಕ್ಕ ಬರೆಸಿ, ಗೆದ್ದರೆ ಏನು, ಸೋತರೆ ಏನು ಅಂತ. ಏಜೆಂಟ್ ಹತ್ರ ಆಮೇಲೆ ಹೋಗಿ. ಬ್ಯಾಂಕಿನ ಕಾಗದ, ಅವಳು ಬರೆದ ಹಾಳೆ ಎರಡೂ ನಮ್ಮ ಮನೇಲಿವೆ. ಸಂಜೆ ಹಾಲು ಹಾಕಿ ಬಂದ ಮೇಲೆ ಸಿಗ್ತೀನಿ, ಬನ್ನಿ.