ಕೈ ಬದಲಾದ ಮಸೂರ

ಕೈ ಬದಲಾದ ವಸ್ತುವನ್ನು ಕೀಳೆಂದು ಭಾವಿಸುವ ವಾಡಿಕೆ ದಾಮರಗಿದ್ದದ ಕಡೆಯ ಒಕ್ಕಲು ಮನೆಗಳಲ್ಲಿ ಇಲ್ಲ. ಸಂತೆಯಲ್ಲಿ ಕೊಳ್ಳುವ ಎತ್ತು ಇನ್ನೊಬ್ಬರ ಹೊಲವನ್ನು ಉತ್ತು ಬಂದುದೇ ಆಗಿರುತ್ತದೆ. ಬಾಯಿ ಬಿಡಿಸಿ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಅನಂತರವೇ ಬೆಲೆಯ ಮಾತು. ಕ್ಯಾಮೆರಾದ ಹಳೆಯ ಮಸೂರವನ್ನು, ಅಂದರೆ ಲೆನ್ಸನ್ನು, ಕೊಳ್ಳಹೊರಟ ಹೊಸಬರಿಗೂ ಇದೇ ದಾರಿಯೆಂದು ನಾವು ಬಲ್ಲೆವು.

ನಮಗೆ ಮಸೂರ ಬೇಕಾದುದು ಆಯಿಯ ಭಾವಚಿತ್ರಕ್ಕಾಗಿ. ನಮ್ಮ ಸೀಮೆ ಒಂದು ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು (1844–1905) ತೆಗೆದ ಅರಮನೆಗಳ, ಅಮೀರರ ಚಿತ್ರಗಳು ಇಂದಿಗೂ ಉಳಿದಿವೆ. ನಮ್ಮ ಮುತ್ಯಾನದು ಒಂದೂ ಇಲ್ಲ. ಆಯಿಯದೆಂದರೆ ಆಧಾರ್ ಕಾರ್ಡಿನ ಮೇಲಿರುವ, ಅಂಚೆ ಚೀಟಿಯಷ್ಟು ಅಗಲದ ಬೆದರಿದ ಮುಖವೊಂದೇ. ಆಕೆಗೆ ಈಗ ಅಂಗಳಕ್ಕೆ ಬರುವ ಶಕ್ತಿಯಿಲ್ಲ. ಮಾಳಿಗೆ ಮನೆಯ ಒಳಗೆ, ಬೆಳಕಿಂಡಿಯಿಂದ ಇಳಿಯುವ ಒಂದು ಮೊರದಗಲ ಬೆಳಕಿನ ಪಕ್ಕದಲ್ಲಿ ಕುಳಿತಿರುತ್ತಾಳೆ. ಫ್ಲಾಶ್ ಹೊಡೆದರೆ ಕಣ್ಣು ಮುಚ್ಚುತ್ತಾಳೆ.

ಮನೆಯಲ್ಲಿದ್ದುದು ನಿಕಾನ್ ಡಿ 3400 ಕ್ಯಾಮೆರಾ. ಅದರೊಡನೆ ಬಂದ 18–55 ಮಿಲಿಮೀಟರಿನ ಮಸೂರವನ್ನು ಮುಖದ ಚಿತ್ರಕ್ಕೆಂದು ಪೂರ್ತಿ ಎಳೆದಾಗ ಅದರ ಬಾಯಿ ತೆರೆಯುವುದು 5.6ರವರೆಗೆ ಮಾತ್ರ. ಈ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 1.8ರವರೆಗೆ ತೆರೆಯುವ ಮಸೂರವು ಅದಕ್ಕಿಂತ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಗೆ ಬಿಡುತ್ತದೆ. ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಕೈ ಅಲುಗದೆ ಹಿಡಿಯಬೇಕಾದ ಕಡೆ ಐವತ್ತನೆಯ ಒಂದು ಭಾಗ ಸಾಕಾಗುತ್ತದೆ. ಕತ್ತಲೆಯ ಮನೆಯಲ್ಲಿ ವೃದ್ಧರ ಚಿತ್ರ ತೆಗೆಯುವವರಿಗೆ ಇದು ಸಣ್ಣ ಅಂತರವಲ್ಲ.

ಮನೆಯ ಹುಡುಗನ ಆಸೆ ಬೇರೆಯಿತ್ತು. ಮಕ್ತಲ್ ಕಡೆಯ ಹೊಲಗಳಲ್ಲಿ ಕೃಷ್ಣಮೃಗಗಳು ಹಿಂಡುಗಟ್ಟಿ ತಿರುಗುತ್ತವೆ. ರೈತರು ಅವನ್ನು ಶಪಿಸುತ್ತಾರೆ, ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅವನ್ನು ಹಿಡಿಯಲು ದೂರದೃಷ್ಟಿಯ ಉದ್ದ ಮಸೂರ ಬೇಕು. ಇದ್ದ ಹಣ ಒಂದಕ್ಕೆ ಮಾತ್ರ. ಎರಡು ದಿನ ಮನೆಯಲ್ಲಿ ಮಾತು ಬಿರುಸಾಯಿತು. ಕಡೆಗೆ ಅವನ ತಾಯಿಯೇ, “ಜಿಂಕಿ ಮುಂದಿನ ವರ್ಷನೂ ಇರ್ತಾವ” ಎಂದಾಗ ಅವನು ಸುಮ್ಮನಾದನು.

ಹೊಸಬರು ಮೊದಲು ವಿಚಾರಿಸಬೇಕಾದುದು ಮಸೂರದ ಅಂದವನ್ನಲ್ಲ, ಅದು ತಮ್ಮ ಕ್ಯಾಮೆರಾಕ್ಕೆ ಕೂಡಿಕೊಳ್ಳುವ ಬಗೆಯನ್ನು. ನಿಕಾನಿನ ಎಫ್ ಜೋಡಣೆ 1959ರಿಂದ ಬಂದುದಾದರೂ ಆ ಜೋಡಣೆಯ ಎಲ್ಲ ಮಸೂರಗಳೂ ಎಲ್ಲ ಕ್ಯಾಮೆರಾಗಳಲ್ಲಿ ಒಂದೇ ರೀತಿ ಕೆಲಸ ಮಾಡುವುದಿಲ್ಲ. ‘ಡಿ’ ಎಂದು ಬರೆದ 50 ಮಿಲಿಮೀಟರ್ 1.8 ಮಸೂರಕ್ಕೆ ತನ್ನದೇ ಮೋಟಾರು ಇಲ್ಲ; ನಮ್ಮ ಕ್ಯಾಮೆರಾದೊಳಗೂ ಅದನ್ನು ತಿರುಗಿಸುವ ಮೋಟಾರು ಇಲ್ಲ. ಆದುದರಿಂದ ಬಿಂಬವನ್ನು ಕೈಯಿಂದಲೇ ಸ್ಪಷ್ಟಗೊಳಿಸಬೇಕು. ಬೆಳಕಿನ ಅಳತೆ ಮಾತ್ರ ಸರಿಯಾಗಿ ನಡೆಯುತ್ತದೆ. ಓಡುವ ಮಗುವಿಗೆ ಇದು ಕಷ್ಟ, ಕುಳಿತ ಆಯಿಗೆ ಏನೂ ತೊಂದರೆಯಿಲ್ಲ. ಮೋಟಾರು ಇರುವ ಮಸೂರಕ್ಕಿಂತ ಅಗ್ಗವೆಂದು ಇದನ್ನೇ ನಿಶ್ಚಯಿಸಿ ಹೈದರಾಬಾದಿನ ಕೋಠಿಗೆ ಹೋದೆವು.

ಮೊದಲು ಕೈಗೆ ಬಂದ ಮಸೂರ ಹೊರಗೆ ಹೊಳೆಯುತ್ತಿತ್ತು. ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಒಳಗೆ ಇಣುಕಿದಾಗ ಅಂಚಿನಲ್ಲಿ ಜೇಡನ ನೂಲಿನಂತಹ ಬಿಳಿಯ ಎಳೆಗಳು ಕಂಡವು. ಅದು ಬೂಷ್ಟು. ಮಳೆಗಾಲದ ತೇವದಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಗಾಜಿಗೆ ಬರುವ ರೋಗ. ಎಳೆಗಳನ್ನು ಒರೆಸಿ ತೆಗೆದರೂ ಗಾಜಿನ ಲೇಪವನ್ನು ಅದು ಕೊರೆದಿದ್ದರೆ ಗುರುತು ಉಳಿಯುತ್ತದೆ. ಹಾಗೆ ನೋಡಿದರೆ ಒಳಗಿನ ನಾಲ್ಕು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗದು. ಮುಂದಿನ ಗಾಜಿನ ಸಣ್ಣ ಗೀರೂ ಅಷ್ಟೊಂದು ಕೆಡುಕಲ್ಲ. ಹಿಂದಿನ ಗಾಜಿನ ಗೀರು ಹೆಚ್ಚು ಕಾಡುತ್ತದೆ. ಅಂಗಡಿಯವರು ಮಾತ್ರ ಧೂಳಿಗೇ ಕ್ಷಮೆ ಕೇಳಿ ಬೂಷ್ಟಿನ ಸುದ್ದಿಯನ್ನೇ ಎತ್ತಲಿಲ್ಲ!

ಎರಡನೆಯದರ ಹೊರಮೈ ಸವೆದಿತ್ತು, ಅಕ್ಷರಗಳ ಬಣ್ಣ ಅಲ್ಲಲ್ಲಿ ಹೋಗಿತ್ತು. ಆದರೆ ಗಾಜು ತಿಳಿಯಾಗಿತ್ತು. ಬಾಯಿಯ ತೆಳು ತಗಡುಗಳ ಮೇಲೆ ಎಣ್ಣೆಯ ಹೊಳಪಿರಲಿಲ್ಲ. ಎಣ್ಣೆ ಹತ್ತಿದರೆ ಅವು ತಡವಾಗಿ ಮುಚ್ಚಿ ಚಿತ್ರ ಅತಿಯಾಗಿ ಬೆಳ್ಳಗಾಗುತ್ತದೆ. ತಿರುಪುಗಳ ತಲೆ ಕೆದರಿರಲಿಲ್ಲ, ಎಂದರೆ ಯಾರೂ ಬಿಚ್ಚಿ ಕೈಯಾಡಿಸಿದಂತಿರಲಿಲ್ಲ. ನಮ್ಮ ಕ್ಯಾಮೆರಾಕ್ಕೇ ಅದನ್ನು ಹಾಕಿ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯನ್ನು ಎದುರು ನಿಂತು 1.8ರಲ್ಲಿ ಒಮ್ಮೆ, 8ರಲ್ಲಿ ಒಮ್ಮೆ ತೆಗೆದೆವು. ಎಡಬಲದ ಅಕ್ಷರಗಳು ಸಮನಾಗಿದ್ದವು. ಒಂದು ಪಕ್ಕ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿದೆಯೆಂದು ಸಂಶಯ ಪಡಬೇಕು. ಚೌಕಾಶಿ ಮಾಡಿ, ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ತಂದೆವು.

ಬೇರೆಯವರು ಬಳಸಿ ಬಿಟ್ಟುದನ್ನು ಕೂಡಿಸಿಕೊಳ್ಳುವುದರಲ್ಲಿ ನಾಚಿಕೆಗೆ ಎಡೆಯಿಲ್ಲ. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸದಲ್ಲಿದ್ದ ಪ್ರಕೃತಿತಜ್ಞ ಎಂ. ಕೃಷ್ಣನ್ (1912–1996) ಅವರು ಒಂದು ತಯಾರಿಕೆಯ ಕ್ಯಾಮೆರಾಕ್ಕೆ ಇನ್ನೊಂದರ ಮಸೂರವನ್ನು ಸ್ವತಃ ಜೋಡಿಸಿಕೊಂಡು, ಅದಕ್ಕೆ ‘ಸೂಪರ್ ಪಾಂಡೆರೋಸ’ ಎಂಬ ವಿನೋದದ ಹೆಸರಿಟ್ಟು, ಕಾಡಾನೆಗಳ ಕಪ್ಪುಬಿಳುಪು ಚಿತ್ರಗಳನ್ನು ತೆಗೆದವರು.

ನಮ್ಮ ಕ್ಯಾಮೆರಾದಲ್ಲಿ 50ರ ಮಸೂರ 75ರಂತೆ ನೋಡುತ್ತದೆ. ಮುಖಕ್ಕೆ ಹೇಳಿಸಿದ ಅಳತೆ. 1.8ರಲ್ಲಿ ಸ್ಪಷ್ಟತೆಯ ಪಟ್ಟಿ ಬಹಳ ಕಿರಿದು: ಕಣ್ಣು ಸ್ಪಷ್ಟವಾದರೆ ಕಿವಿಯ ಬುಗುಡಿ ಮಸುಕು. ಆಯಿಯ ಹತ್ತಿರದ ಕಣ್ಣಿಗೇ ಗುರಿಯಿಟ್ಟು, ಬೆಳಗಿನ ಹತ್ತು ಗಂಟೆಯ ಬೆಳಕಿಗಾಗಿ ಮೂರು ದಿನ ಕಾದು ತೆಗೆದೆವು. ಅಚ್ಚು ಹಾಕಿಸಿ ತಂದ ಚಿತ್ರವನ್ನು ಆಕೆ ಸೆರಗಿನಿಂದ ಒರೆಸಿ, ದೂರ ಹಿಡಿದು, ಬಹಳ ಹೊತ್ತು ನೋಡಿದಳು. “ನಮ್ಮವ್ವನ ಮಾರಿ ಇದ್ದಂಗೇ ಅದ” ಎಂದಳು. ಆ ಅವ್ವನನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಗುರುಮಠಕಲ್ಲಿನಲ್ಲಿಯೂ ರಾಯಚೂರಿನಲ್ಲಿಯೂ ಇರುವ ಅತ್ತೆಯವರಿಗೆ ಕಳಿಸಲು ಇನ್ನೆರಡು ಪ್ರತಿ ಹಾಕಿಸಿದ್ದೇವೆ.