ಉಪ್ಪನ ಉದ್ರಿ ಪುಸ್ತಕದಲ್ಲಿ ಆರು ಕೋಳಿ

ಉಳ್ಳಾಲದ ಹತ್ತಿರ ನಮ್ಮ ಉಪ್ಪನದು ಒಂದು ಸಣ್ಣ ದಿನಸಿ ಅಂಗಡಿ ಇತ್ತು. ಮಂಡಿನೋವು ಜೋರಾದ ಮೇಲೆ ಬಾಗಿಲು ಹಾಕಿದರು. ಆದರೆ ನಲವತ್ತು ವರ್ಷ ಗಲ್ಲೆಯ ಮುಂದೆ ಕೂತವರಿಗೆ ಮನೆಯಲ್ಲಿ ಹೊತ್ತು ಹೋಗಬೇಕಲ್ಲ? "ಮೋನೇ, ನಾಲ್ಕು ಕೋಳಿ ಸಾಕುತ್ತೇನೆ, ಮೊಟ್ಟೆಯಾದರೂ ಮಾರಬಹುದು" ಎಂದು ಫೋನಿನಲ್ಲಿ ಹೇಳಿದರು.

ನಾನು ಆಗ ಹೊಸೂರಿನಲ್ಲಿದ್ದೆ, ಈಗಲೂ ಇಲ್ಲೇ ಇದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆಂದು ಬಂದವನು. ಈ ಕಡೆ ಕೋಳಿ ಎಂದರೆ ದೊಡ್ಡ ಉದ್ಯಮ. ಮತ್ತಿಗಿರಿಯಲ್ಲಿ ಕೋಳಿ ಸಾಕಣೆಗೆಂದೇ ಒಂದು ಸರಕಾರಿ ಕಾಲೇಜಿದೆ. ಸುತ್ತಮುತ್ತ ಮರಿ ಮಾಡಿಸುವ ಹ್ಯಾಚರಿಗಳು, ಬ್ರೀಡರ್ ಫಾರ್ಮ್‌ಗಳು. ಇಂಥ ಶೆಡ್ಡುಗಳ ಫ್ಯಾನು, ಪಂಪು ರಿಪೇರಿಗೆ ನಾನೂ ಹೋಗಿದ್ದೇನೆ. ಒಂದು ತುದಿಯಲ್ಲಿ ನೀರಿನಿಂದ ಒದ್ದೆಯಾದ ಜೇನುಗೂಡಿನಂಥ ಪ್ಯಾಡ್, ಇನ್ನೊಂದು ತುದಿಯಲ್ಲಿ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನುಗಳು. ಹೊರಗೆ ಬೆವರು ಸುರಿಯುವ ಮಧ್ಯಾಹ್ನದಲ್ಲೂ ಒಳಗೆ ತಂಪು. ಇದೆಲ್ಲ ನೋಡಿದ ನನಗೆ ಕೋಳಿಯ ವಿಷಯ ಗೊತ್ತಿದೆ ಎಂಬ ಧೈರ್ಯ ಬಂದಿತ್ತು.

ಆ ಧೈರ್ಯದಲ್ಲೇ ಫೆಬ್ರವರಿಯಲ್ಲಿ ಇಪ್ಪತ್ತು ಗಿರಿರಾಜ ಹೇಂಟೆಗಳನ್ನು ಊರಿಗೆ ಕೊಂಡುಹೋದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಈ ತಳಿಯದು ಭಾರೀ ಮೈ, ತೂಕ ಮೂರು ಕಿಲೋ ದಾಟುತ್ತದೆ. ಉಪ್ಪ ಅಂಗಡಿಯ ಹಳೆಯ ಉದ್ರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನದ ಮೊಟ್ಟೆ ಲೆಕ್ಕ ಬರೆಯತೊಡಗಿದರು. ಮೊದಲು ದಿನಕ್ಕೆ 10, 11. ಮಾರ್ಚ್ ಕೊನೆಗೆ 7. ಏಪ್ರಿಲ್‌ನಲ್ಲಿ 4. ಸಿಪ್ಪೆಯೂ ತೆಳ್ಳಗಾಗಿ ಕೈಯಲ್ಲೇ ಒಡೆಯುತ್ತಿದ್ದವು.

ಹೊಸೂರಿನ ಬುದ್ಧಿಯನ್ನೇ ಹೇಳಿದೆ: "ಗೂಡಿನ ಸುತ್ತ ಗೋಣಿ ಕಟ್ಟಿ, ಆಗಾಗ ನೀರು ಹಾಕಿ." ಉಪ್ಪ, ಉಮ್ಮ ಇಬ್ಬರೂ ಬಿಂದಿಗೆ ಹೊತ್ತು ಹಾಗೇ ಮಾಡಿದರು. ಒಂದು ಮಧ್ಯಾಹ್ನ ಆರು ಕೋಳಿ ಸತ್ತವು. ಫೋನಿನಲ್ಲಿ ಉಮ್ಮನ ದನಿ ಇಂದಿಗೂ ಮರೆತಿಲ್ಲ.

ತಪ್ಪು ನನ್ನದೇ. ನಾನು ನೋಡಿದ್ದು ಥರ್ಮಾಮೀಟರ್ ಮಾತ್ರ. ಹೊಸೂರಿನಲ್ಲಿ 35 ಡಿಗ್ರಿ, ಊರಿನಲ್ಲಿ 33, ಹಾಗಾದರೆ ಊರೇ ತಂಪು ಎಂದುಕೊಂಡೆ. ಕೋಳಿಗೆ ಬೆವರಿನ ಗ್ರಂಥಿಯೇ ಇಲ್ಲ. ಅದರ ಮೈಬಿಸಿ 41 ಡಿಗ್ರಿಯ ಸುಮಾರು. ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಟ್ಟು, ಉಸಿರಿನ ತೇವ ಆರುವುದರಿಂದಲೇ ತಂಪಾಗಬೇಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಬೇಸಗೆಯಲ್ಲಿ ಗಾಳಿ ಒಣ, ರಾತ್ರಿ ತಂಪು. ಹಗಲು ಬಳಲಿದ ಕೋಳಿ ರಾತ್ರಿ ಸುಧಾರಿಸಿಕೊಳ್ಳುತ್ತದೆ. ಐವತ್ತು ಕಿಲೋಮೀಟರ್ ಕೆಳಗೆ ಕೃಷ್ಣಗಿರಿಗೆ ಇಳಿದರೆ ಸೆಕೆ ಹೆಚ್ಚುತ್ತದೆ. ನಮ್ಮ ಕರಾವಳಿಯ ಗಾಳಿಯಂತೂ ಮೊದಲೇ ನೀರು ಕುಡಿದಿರುತ್ತದೆ, ರಾತ್ರಿಯೂ ಬೇಯುತ್ತದೆ. ಅಲ್ಲಿ ಗೋಣಿಗೆ ನೀರು ಹಾಕಿದರೆ ತಂಪಾಗುವುದು ಕಡಿಮೆ, ಗೂಡಿನೊಳಗೆ ಹಬೆ ಹೆಚ್ಚು. ಗೋಣಿ ಕಟ್ಟಿ ಬೀಸುವ ಗಾಳಿಯನ್ನೂ ನಾನೇ ತಡೆದಿದ್ದೆ.

ಭಾರೀ ತಳಿಗೆ ಕಷ್ಟ ಇನ್ನೂ ಜಾಸ್ತಿ. ದೊಡ್ಡ ಚೆಂಬಿನ ಬಿಸಿನೀರು ಲೋಟದ ನೀರಿಗಿಂತ ತಡವಾಗಿ ಆರುತ್ತದಲ್ಲ, ಹಾಗೆ. ಮೈಯ ಗಾತ್ರಕ್ಕೆ ಹೋಲಿಸಿದರೆ ಬಿಸಿ ಬಿಡುವ ಚರ್ಮ ಕಡಿಮೆ. ಸೆಕೆಗೆ ಕೋಳಿ ತಿನ್ನುವುದೂ ಕಡಿಮೆ ಮಾಡುತ್ತದೆ, ಆಗ ಮೊಟ್ಟೆ ಇಳಿಯುತ್ತದೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ, ಸಿಪ್ಪೆಗೆ ಬೇಕಾದ ಕಾರ್ಬೊನೇಟ್ ಸಾಲದೆ ಸಿಪ್ಪೆ ತೆಳುವಾಗುತ್ತದೆ. ಇದೆಲ್ಲ ಕಲಿತದ್ದು ಕೋಳಿ ಸತ್ತ ಮೇಲೆ.

ಆಮೇಲೆ ರಜೆ ಹಾಕಿ ಊರಿಗೆ ಹೋದೆ. ಗೋಣಿ ಕಿತ್ತೆ, ಶೀಟಿನ ಮೇಲೆ ತೆಂಗಿನ ಮಡಲು ಹೊದಿಸಿದೆ, ಕೋಳಿಗೆ ತಾಗುವಂತೆ ಒಂದು ಫ್ಯಾನ್ ಇಟ್ಟೆ. ಮೇವು ಬೆಳಗ್ಗೆ ಬೇಗ ಮತ್ತು ಸಂಜೆ ಮಾತ್ರ, ಮಧ್ಯಾಹ್ನ ತಣ್ಣೀರು. ಉಳಿದ ಹದಿನಾಲ್ಕು ಬದುಕಿದವು. ಮಳೆ ಹಿಡಿದ ಮೇಲೆ ಸೆಕೆ ಇಳಿದರೂ ಮೊಟ್ಟೆ ಕೂಡಲೇ ಏರಲಿಲ್ಲ. ಮೋಡದ ಬೆಳಕು ಸಾಲದು, ನೆಲವೂ ತೇವ. ಮೊಟ್ಟೆ ಚೆನ್ನಾಗಿ ಬರಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ಕಡೆ ಅತಿ ಉದ್ದದ ಹಗಲೂ 13 ಗಂಟೆಯ ಹತ್ತಿರ ಮಾತ್ರ. ಬೆಳಗಿನ ಜಾವ ಒಂದು ಬಲ್ಬ್ ಉರಿಸಿ, ನೆಲದ ಹೊಟ್ಟು ಒಣಗಿಸಿದ ಮೇಲೆ ಪುಸ್ತಕದಲ್ಲಿ 7, 8 ಕಾಣಿಸಿತು.

"ಅಂಗಡಿಯಲ್ಲಿ ಮಳೆಗಾಲಕ್ಕೆ ಕೊಡೆ ಇಡುತ್ತೇವೆ, ಬೇಸಗೆಗೆ ಶರಬತ್ತು. ನೀನು ಹೊಸೂರಿನ ಮಾಲನ್ನು ಉಳ್ಳಾಲದಲ್ಲಿ ಇಟ್ಟೆ" ಎಂದರು ಉಪ್ಪ, ಸಿಟ್ಟಿಲ್ಲದೆ. ಈಗ ಅವರ ಬಳಿ ಇರುವುದು ಹೆಚ್ಚಾಗಿ ಊರ ಕೋಳಿ. ಮೊಟ್ಟೆ ಕಡಿಮೆ, ಸಣ್ಣದು, ಆದರೆ ಬೇಸಗೆಯನ್ನು ತಡೆಯುತ್ತವೆ.

ಕಳೆದ ಸಲ ಹೋದಾಗ ಆ ಪುಸ್ತಕ ತಿರುವಿ ನೋಡಿದೆ. ಏಪ್ರಿಲ್ ಪುಟದಲ್ಲಿ, ಗಿರಾಕಿಗಳ ಸಾಲ ಬರೆಯುತ್ತಿದ್ದ ಅದೇ ಅಕ್ಷರದಲ್ಲಿ, ನನ್ನ ಹೆಸರಿನ ಮುಂದೆ ಹೀಗಿತ್ತು: ಕೋಳಿ 6, ಉದ್ರಿ.

ಯಾವಾಗ ತೀರಿಸಬೇಕು ಎಂದು ಕೇಳಿದೆ. "ತಿಂಗಳಿಗೊಮ್ಮೆ ಊರಿಗೆ ಬಾ, ಕಂತಿನಲ್ಲಿ ಕಳೆಯುತ್ತೇನೆ" ಎಂದರು.